1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್: ರಚನೆ, ದೋಷಗಳು ಮತ್ತು ಹಾವೇರಿ ಸೀಮೆಯ ಬಳಕೆ

1.3 ಲೀಟರ್ ಮಲ್ಟಿಜೆಟ್ ಇಟಲಿಯ ಫಿಯಟ್ ಮತ್ತು ಅಮೆರಿಕದ ಜನರಲ್ ಮೋಟರ್ಸ್ ಕಂಪನಿಗಳ ಜಂಟಿ ಉದ್ಯಮದಿಂದ 2003ರಲ್ಲಿ ಹೊರಬಂದ, ನಾಲ್ಕು ಸಿಲಿಂಡರುಗಳ, ಟರ್ಬೊ ಅಳವಡಿಸಿದ ಸಣ್ಣ ಡೀಸೆಲ್ ಎಂಜಿನ್. ಭಾರತದಲ್ಲಿ ಇದು ಮಾರುತಿ ಸುಜುಕಿಯ ಕಾರುಗಳಲ್ಲಿ ‘ಡಿಡಿಐಎಸ್’, ಟಾಟಾ ಕಾರುಗಳಲ್ಲಿ ‘ಕ್ವಾಡ್ರಾಜೆಟ್’, ಫಿಯಟ್ ಕಾರುಗಳಲ್ಲಿ ‘ಮಲ್ಟಿಜೆಟ್’ ಎಂಬ ಹೆಸರು ಹೊತ್ತು ಓಡಿತು. ಇಷ್ಟು ಕಂಪನಿಗಳ ಬಾನೆಟ್ಟಿನಡಿ ಒಂದೇ ಎಂಜಿನ್ ಇದ್ದುದರಿಂದ ವಾಹನ ಪತ್ರಿಕೆಗಳು ಇದನ್ನು ದೇಶದ ‘ರಾಷ್ಟ್ರೀಯ ಡೀಸೆಲ್ ಎಂಜಿನ್’ ಎಂದು ಕರೆದವು. ಮಾರುತಿ 2020ರ ಏಪ್ರಿಲ್‌ನಲ್ಲಿ ಡೀಸೆಲ್ ಕಾರುಗಳನ್ನು ನಿಲ್ಲಿಸಿದ ಮೇಲೆ ಹೊಸ ಗಾಡಿಗಳಲ್ಲಿ ಇದು ಸಿಗುವುದಿಲ್ಲ. ಆದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂಥ ಊರುಗಳ ರಸ್ತೆಗಳಲ್ಲಿ ಸ್ವಿಫ್ಟ್, ಡಿಜೈರ್, ಎರ್ಟಿಗಾ, ಇಂಡಿಕಾ ವಿಸ್ಟಾಗಳ ರೂಪದಲ್ಲಿ ಇದು ಇನ್ನೂ ದುಡಿಯುತ್ತಿದೆ.

ಈ ಎಂಜಿನ್ನಿನ ಗುಣವೂ ದೋಷವೂ ಅದರ ಗಾತ್ರದಿಂದಲೇ ಬಂದವು. ಚಿಕ್ಕ ಎಂಜಿನ್ನಿನಿಂದ ದೊಡ್ಡ ಎಂಜಿನ್ನಿನ ಕೆಲಸ ತೆಗೆಯಲು ಟರ್ಬೊ, ಅಧಿಕ ಒತ್ತಡದ ಇಂಜೆಕ್ಷನ್ ಮತ್ತು ಬಹಳ ಸೂಕ್ಷ್ಮ ಅಂತರಗಳ ಬಿಡಿಭಾಗಗಳು ಬೇಕಾದವು. ಇವೆಲ್ಲ ಶುದ್ಧ ಆಯಿಲ್, ಶುದ್ಧ ಗಾಳಿ, ಶುದ್ಧ ಡೀಸೆಲ್ ಇರುವವರೆಗೆ ದೀರ್ಘಕಾಲ ಬಾಳುತ್ತವೆ; ಈ ಮೂರರಲ್ಲಿ ಒಂದು ಕೆಟ್ಟರೂ ಬೇಗ ಹಾಳಾಗುತ್ತವೆ. ಮೆಕ್ಯಾನಿಕ್‌ಗಳ ಮುಂದೆ ಬರುವ ದೂರುಗಳಲ್ಲಿ ಹೆಚ್ಚಿನವುಗಳ ಮೂಲ ಇಲ್ಲಿಯೇ ಇದೆ.

ಹುಟ್ಟು

ಎಂಜಿನ್ನಿನಿಂದ ಹೊರಹೋಗುವ ಹೊಗೆಯ ಬಲದಿಂದಲೇ ಒಳಬರುವ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ವಿಧಾನಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬುಶಿ 1905ರಲ್ಲಿ ಪೇಟೆಂಟ್ ಪಡೆದರು. ಮೊದಲು ಹಡಗು ಮತ್ತು ಲಾರಿಗಳ ದೊಡ್ಡ ಎಂಜಿನ್ನುಗಳಿಗೆ ಸೀಮಿತವಾಗಿದ್ದ ಈ ವಿಧಾನ ಸಣ್ಣ ಕಾರುಗಳಿಗೆ ಹಿತವಾಗಿ ಹೊಂದಿಕೊಳ್ಳಲು ಕಾಮನ್ ರೇಲ್ ಇಂಜೆಕ್ಷನ್ ಬರಬೇಕಾಯಿತು. ಇದರಲ್ಲಿ ಡೀಸೆಲನ್ನು ಒಂದೇ ಕೊಳವೆಯಲ್ಲಿ ಅಧಿಕ ಒತ್ತಡದಲ್ಲಿ ಕೂಡಿಟ್ಟುಕೊಂಡು, ಕಂಪ್ಯೂಟರಿನ ಆಜ್ಞೆಯಂತೆ ಪ್ರತಿ ಸಿಲಿಂಡರಿನ ಇಂಜೆಕ್ಟರ್ ತೆರೆಯುತ್ತದೆ. ಕಾರುಗಳಿಗಾಗಿ ಇದನ್ನು ರೂಪಿಸಿದ್ದು ಫಿಯಟ್ ಬಳಗದ ಸಂಶೋಧನಾ ಸಂಸ್ಥೆಗಳು. ಉತ್ಪಾದನೆಯ ಹಂತಕ್ಕೆ ತಂದದ್ದು ಜರ್ಮನಿಯ ಬಾಷ್. 1997ರ ಆಲ್ಫಾ ರೋಮಿಯೊ 156 ಈ ವಿಧಾನದೊಂದಿಗೆ ಮಾರುಕಟ್ಟೆಗೆ ಬಂದ ಮೊದಲ ಕಾರುಗಳ ಸಾಲಿನಲ್ಲಿದೆ.

ಆ ಮೊದಲ ಪೀಳಿಗೆಯಲ್ಲಿ ಪ್ರತಿ ದಹನಕ್ಕೆ ಮುಂಚೆ ಒಂದು ಚಿಕ್ಕ ಸಿಂಪಡಣೆ, ಆಮೇಲೆ ಒಂದು ಮುಖ್ಯ ಸಿಂಪಡಣೆ ಇರುತ್ತಿತ್ತು. ಮಲ್ಟಿಜೆಟ್‌ನಲ್ಲಿ ಒಂದು ದಹನದ ಡೀಸೆಲನ್ನು ಐದು ಕಂತುಗಳವರೆಗೆ ಹಂಚಿ ಚಿಮ್ಮಿಸಬಹುದು. ಇಂಧನ ಒಮ್ಮೆಲೇ ಹೊತ್ತಿಕೊಳ್ಳದೆ ಹಂತಹಂತವಾಗಿ ಉರಿಯುವುದರಿಂದ ಹಳೆಯ ಡೀಸೆಲ್ ಕಾರುಗಳ ‘ಟಕಟಕ’ ಸದ್ದು ತಗ್ಗಿತು, ಮಸಿಯೂ ಕಡಿಮೆಯಾಯಿತು.

1.3 ಲೀಟರ್ ಮಾದರಿಯ ಉತ್ಪಾದನೆ ಪೋಲೆಂಡಿನ ಬಿಯೆಲ್ಸ್ಕೊ-ಬಿಯಾವಾ ಕಾರ್ಖಾನೆಯಲ್ಲಿ ಶುರುವಾಯಿತು. 2003ರಲ್ಲಿ ಫಿಯಟ್ ಪುಂಟೊ ಕಾರಿನಲ್ಲಿ ಮೊದಲು ಕಾಣಿಸಿಕೊಂಡು, ಬಳಿಕ ಓಪೆಲ್, ಲಾನ್ಸಿಯಾ, ಸುಜುಕಿ ಕಾರುಗಳಿಗೂ ಹರಡಿತು. 2005ರಲ್ಲಿ 1ರಿಂದ 1.4 ಲೀಟರ್ ವರ್ಗದ ‘ವರ್ಷದ ಅಂತರರಾಷ್ಟ್ರೀಯ ಎಂಜಿನ್’ ಪ್ರಶಸ್ತಿ ಇದಕ್ಕೆ ಸಂದಿತು. ಅದೇ ವರ್ಷ ಫಿಯಟ್ ಮತ್ತು ಜನರಲ್ ಮೋಟರ್ಸ್ ಬೇರೆಯಾದರೂ ಈ ಎಂಜಿನ್ನಿನ ಹಕ್ಕು ಎರಡೂ ಕಡೆ ಉಳಿಯಿತು.

ಭಾರತಕ್ಕೆ ಬಂದ ಬಗೆ

ಫಿಯಟ್‌ನಿಂದ ಪರವಾನಗಿ ಪಡೆದ ಸುಜುಕಿ, ಹರಿಯಾಣದ ಮಾನೇಸರದಲ್ಲಿ ಇದನ್ನು ತಯಾರಿಸತೊಡಗಿತು. 2007ರ ಜನವರಿಯಲ್ಲಿ ಸ್ವಿಫ್ಟ್ ಡೀಸೆಲ್ ಬಂತು. 2008ರಲ್ಲಿ ಡಿಜೈರ್, 2009ರಲ್ಲಿ ರಿಟ್ಜ್ ಬಂದವು. ಪುಣೆ ಸಮೀಪದ ರಂಜನಗಾಂವ್‌ನಲ್ಲಿ ಫಿಯಟ್ ಮತ್ತು ಟಾಟಾ ಜಂಟಿಯಾಗಿ ನಡೆಸಿದ ಕಾರ್ಖಾನೆ 2008ರ ಇಂಡಿಕಾ ವಿಸ್ಟಾಕ್ಕೂ 2009ರ ಲಿನಿಯಾ, ಗ್ರಾಂಡೆ ಪುಂಟೊಗಳಿಗೂ ಎಂಜಿನ್ ಒದಗಿಸಿತು. ಡೀಸೆಲ್ ಸ್ವಿಫ್ಟ್‌ಗೆ ಬೇಡಿಕೆ ಉಕ್ಕಿ ಮಾನೇಸರದ ಉತ್ಪಾದನೆ ಸಾಲದಾದಾಗ, 2012ರ ಆರಂಭದಲ್ಲಿ ಮಾರುತಿ ವರ್ಷಕ್ಕೆ 1 ಲಕ್ಷದವರೆಗೆ ಎಂಜಿನ್ನುಗಳನ್ನು ಪ್ರತಿಸ್ಪರ್ಧಿಯ ರಂಜನಗಾಂವ್ ಕಾರ್ಖಾನೆಯಿಂದಲೇ ಕೊಳ್ಳುವ ಒಪ್ಪಂದ ಮಾಡಿಕೊಂಡಿತು.

ಈ ಬೇಡಿಕೆಗೆ ಎರಡು ಸರ್ಕಾರಿ ತೀರ್ಮಾನಗಳು ದಾರಿಮಾಡಿದ್ದವು. 2006ರ ಕೇಂದ್ರ ಬಜೆಟ್ ನಾಲ್ಕು ಮೀಟರಿಗಿಂತ ಕಡಿಮೆ ಉದ್ದದ, 1,500 ಸಿ.ಸಿ. ಮೀರದ ಡೀಸೆಲ್ ಕಾರುಗಳ ಅಬಕಾರಿ ಸುಂಕ ಇಳಿಸಿತು, 1,248 ಸಿ.ಸಿ.ಯ ಎಂಜಿನ್ ಆ ಮಿತಿಯೊಳಗೆ ನಿರಾಯಾಸವಾಗಿ ಕೂತಿತು. 2010ರ ಜೂನ್‌ನಲ್ಲಿ ಪೆಟ್ರೋಲ್ ದರ ಮಾರುಕಟ್ಟೆಗೆ ಬಿಟ್ಟುಕೊಟ್ಟ ಸರ್ಕಾರ ಡೀಸೆಲ್ ದರವನ್ನು 2014ರ ಅಕ್ಟೋಬರ್ ತನಕ ಹಿಡಿದಿಟ್ಟಿತು. ನಡುವಿನ ಆ ವರ್ಷಗಳಲ್ಲಿ ಎರಡೂ ಇಂಧನಗಳ ದರದ ಅಂತರ ಹಿಗ್ಗಿತು. ದಿನಕ್ಕೆ ನೂರಾರು ಕಿಲೋಮೀಟರ್ ಓಡಿಸುವ ಟ್ಯಾಕ್ಸಿ ಮಾಲೀಕರಿಗೂ ವ್ಯಾಪಾರಿಗಳಿಗೂ ಡೀಸೆಲ್ ಕಾರು ಲೆಕ್ಕಕ್ಕೆ ಸರಿಹೋದ ಕಾಲ ಅದು.

ರಚನೆ ಮತ್ತು ಅಳತೆಗಳು

ಸಿಲಿಂಡರ್ ಬ್ಲಾಕ್ ಎರಕದ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂನದು. ಸಿಲಿಂಡರಿಗೆ ನಾಲ್ಕರಂತೆ 16 ವಾಲ್ವುಗಳು, ಮೇಲೆ ಎರಡು ಕ್ಯಾಮ್‌ಶಾಫ್ಟುಗಳು. ಟ್ಯಾಪೆಟ್ ಅಂತರವನ್ನು ಆಯಿಲ್ ಒತ್ತಡವೇ ಸರಿಹೊಂದಿಸಿಕೊಳ್ಳುವುದರಿಂದ ಕೈಯಿಂದ ಹೊಂದಿಸುವ ಕೆಲಸವಿಲ್ಲ. ಕ್ಯಾಮ್‌ಶಾಫ್ಟ್ ತಿರುಗಿಸಲು ರಬ್ಬರ್ ಬೆಲ್ಟಿನ ಬದಲು ಟೈಮಿಂಗ್ ಚೈನ್ ಇದೆ. ಇಡೀ ಎಂಜಿನ್ನಿನ ಉದ್ದ ಅರ್ಧ ಮೀಟರಿಗಿಂತ ಕಡಿಮೆ, ತೂಕ ಸುಮಾರು 130–140 ಕೆ.ಜಿ.

ಮುಖ್ಯ ಅಳತೆಗಳು ಹೀಗಿವೆ:

ಒಟ್ಟು ಗಾತ್ರ: 1,248 ಸಿ.ಸಿ.
ಬೋರ್ ಮತ್ತು ಸ್ಟ್ರೋಕ್: 69.6 ಮಿ.ಮೀ. × 82 ಮಿ.ಮೀ.
ಕಂಪ್ರೆಷನ್ ಅನುಪಾತ: ಮೊದಲ ಮಾದರಿಗಳಲ್ಲಿ 18:1, ನಂತರದವುಗಳಲ್ಲಿ ಇನ್ನಷ್ಟು ಕಡಿಮೆ
ಇಂಧನ ವ್ಯವಸ್ಥೆ: ಕಾಮನ್ ರೇಲ್, ನೇರ ಇಂಜೆಕ್ಷನ್, ಒತ್ತಡ ಮಾದರಿಗೆ ತಕ್ಕಂತೆ 1,400–1,600 ಬಾರ್
ದಹನದ ಸರದಿ: 1-3-4-2
ಸ್ವಿಫ್ಟ್, ಡಿಜೈರ್, ವಿಸ್ಟಾ ಮಾದರಿ: 4,000 ಆರ್‌ಪಿಎಂನಲ್ಲಿ 75 ಪಿಎಸ್ ಶಕ್ತಿ, 190 ನ್ಯೂಟನ್ ಮೀಟರ್ ಟಾರ್ಕ್
ಎರ್ಟಿಗಾ ಮಾದರಿ: 4,000 ಆರ್‌ಪಿಎಂನಲ್ಲಿ 90 ಪಿಎಸ್ ಶಕ್ತಿ, 1,750 ಆರ್‌ಪಿಎಂನಲ್ಲಿ 200 ನ್ಯೂಟನ್ ಮೀಟರ್ ಟಾರ್ಕ್
ಲಿನಿಯಾ ಮಾದರಿ: 93 ಪಿಎಸ್ ಶಕ್ತಿ, 209 ನ್ಯೂಟನ್ ಮೀಟರ್ ಟಾರ್ಕ್
ಎಂಜಿನ್ ಆಯಿಲ್: ಫಿಲ್ಟರ್ ಸೇರಿ ಸುಮಾರು 3 ಲೀಟರ್

ಈ ಅಂಕಿಗಳಲ್ಲಿ ಎರಡನ್ನು ವಿಶೇಷವಾಗಿ ಗಮನಿಸಬೇಕು. ಒಂದು, ಪ್ರತಿ ಸಿಲಿಂಡರಿನ ಗಾತ್ರ 312 ಸಿ.ಸಿ.; 18:1ರ ಲೆಕ್ಕದಲ್ಲಿ ಪಿಸ್ಟನ್ ಮೇಲಕ್ಕೆ ಬಂದಾಗ ಉಳಿಯುವ ಜಾಗ ಸುಮಾರು 18 ಸಿ.ಸಿ. ಮಾತ್ರ. ಎರಡು, ಇಡೀ ಎಂಜಿನ್ನಿನ ಆಯಿಲ್ ಸುಮಾರು 3 ಲೀಟರ್. ಒಂದು ಲೀಟರ್ ಕಡಿಮೆಯಾಯಿತೆಂದರೆ ಮೂರನೇ ಒಂದು ಪಾಲು ಹೋದಂತೆ. ಮುಂದೆ ವಿವರಿಸುವ ದೋಷಗಳಲ್ಲಿ ಈ ಎರಡೂ ಅಂಕಿಗಳು ಮತ್ತೆ ಬರುತ್ತವೆ.

ಟರ್ಬೊ ಕೆಲಸ ಮಾಡುವ ಕ್ರಮ

ಟರ್ಬೊ ಎಂದರೆ ಒಂದೇ ದಂಡದ ಎರಡು ತುದಿಗೆ ಕೂತ ಎರಡು ಚಕ್ರಗಳು. ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಇನ್ನೊಂದು ಚಕ್ರ ಹೊರಗಿನ ಗಾಳಿ ಸೆಳೆದು ಎಂಜಿನ್ನಿನೊಳಕ್ಕೆ ಒತ್ತುತ್ತದೆ. ಈ ಎಂಜಿನ್ನಿನ ಪುಟ್ಟ ಟರ್ಬೊ ನಿಮಿಷಕ್ಕೆ 2 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಹೊಗೆಯ ಕಡೆಯ ಚಕ್ರ ನೂರಾರು ಡಿಗ್ರಿ ಶಾಖದಲ್ಲಿ ಕಾದಿರುತ್ತದೆ. ನಡುವಿನ ದಂಡ ಬುಷ್‌ಗಳೊಳಗೆ ಆಯಿಲಿನ ತೆಳುಪದರದ ಮೇಲೆ ತೇಲುತ್ತದೆ. ಆ ಪದರ ಕ್ಷಣಕಾಲ ಹರಿದರೂ ಲೋಹಕ್ಕೆ ಲೋಹ ಉಜ್ಜುತ್ತದೆ.

75 ಪಿಎಸ್ ಮಾದರಿಯಲ್ಲಿ ಸ್ಥಿರ ರಚನೆಯ ಟರ್ಬೊ ಇದೆ. ಒತ್ತಡ ಮಿತಿ ಮೀರಿದಾಗ ವೇಸ್ಟ್‌ಗೇಟ್ ಎಂಬ ಬಾಗಿಲು ತೆರೆದು ಹೊಗೆಯನ್ನು ಪಕ್ಕಕ್ಕೆ ಬಿಡುತ್ತದೆ. 90 ಪಿಎಸ್ ಮಾದರಿಯ ಟರ್ಬೊದಲ್ಲಿ ಹೊಗೆಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ಚಲಿಸುವ ರೆಕ್ಕೆಗಳಿವೆ. ಆದ್ದರಿಂದ ಅದು ಕಡಿಮೆ ವೇಗದಲ್ಲೂ ಬೇಗ ಎಚ್ಚರಗೊಳ್ಳುತ್ತದೆ. ಒತ್ತಿದ ಗಾಳಿ ಬಿಸಿಯಾಗಿ ಹಿಗ್ಗುವುದರಿಂದ ಅದನ್ನು ತಣಿಸಲು ಇಂಟರ್‌ಕೂಲರ್ ಇರುತ್ತದೆ.

ಸುಮಾರು 2,000 ಆರ್‌ಪಿಎಂ ಕೆಳಗೆ ಹೊಗೆಯ ಬಲ ಸಾಲದೆ ಟರ್ಬೊ ಮಂಕಾಗಿರುತ್ತದೆ. ಅದನ್ನು ದಾಟಿದೊಡನೆ ಗಾಡಿ ಮುನ್ನುಗ್ಗುತ್ತದೆ. ಲೆಕ್ಕ ಹಾಕಿದರೆ, 2,000 ಆರ್‌ಪಿಎಂನಲ್ಲಿ 190 ನ್ಯೂಟನ್ ಮೀಟರ್ ಟಾರ್ಕ್ ಸಿಕ್ಕಾಗ ಎಂಜಿನ್ ಸುಮಾರು 54 ಪಿಎಸ್ ಶಕ್ತಿ ಕೊಡುತ್ತಿರುತ್ತದೆ. ಅಂದರೆ ಗರಿಷ್ಠ ಶಕ್ತಿಯ ಮುಕ್ಕಾಲು ಭಾಗಕ್ಕೆ ಹತ್ತಿರ. ಹೆದ್ದಾರಿಯಲ್ಲಿ ಇದು ಸಲೀಸಾಗಿ ಓಡಿ, ಪೇಟೆಯ ಗದ್ದಲದಲ್ಲಿ ತಡವರಿಸುವುದು ಇದೇ ಕಾರಣಕ್ಕೆ.

ಹಾವೇರಿ ಸೀಮೆಯ ಬಳಕೆ

1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯ ನಡುವೆ ಪುಣೆ–ಬೆಂಗಳೂರು ಹೆದ್ದಾರಿ ಹಾಯುತ್ತದೆ. ಹಿಂದಿನ ರಾಷ್ಟ್ರೀಯ ಹೆದ್ದಾರಿ 4, ಈಗಿನ 48. ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರು ಈ ದಾರಿಯ ಮೇಲಿವೆ. ಬ್ಯಾಡಗಿ ಮೋಟೆಬೆನ್ನೂರಿನಿಂದ ಕೆಲವೇ ಕಿಲೋಮೀಟರ್ ಒಳಗಿದೆ. ಆಸ್ಪತ್ರೆ, ಕಾಲೇಜು, ಸಗಟು ವ್ಯಾಪಾರಕ್ಕೆ ಜನ ಒಂದು ಕಡೆ ಹುಬ್ಬಳ್ಳಿಗೆ, ಇನ್ನೊಂದು ಕಡೆ ದಾವಣಗೆರೆಗೆ ಹೋಗಿಬರುತ್ತಾರೆ. ಹೀಗಾಗಿ ಕೆಎ-27 (ಹಾವೇರಿ) ಮತ್ತು ಕೆಎ-68 (ರಾಣೆಬೆನ್ನೂರು) ಫಲಕದ ಕಾರುಗಳ ಓಟದಲ್ಲಿ ಎರಡು ಬಗೆ ಬೆರೆತಿವೆ: ಹೆದ್ದಾರಿಯ ಸಮವೇಗದ ಓಟ, ಹಳ್ಳಿ ಮತ್ತು ಮಾರುಕಟ್ಟೆಯ ಆಮೆ ನಡಿಗೆ. ಮೊದಲನೆಯದು ಎಂಜಿನ್ನಿಗೆ ಹಿತ, ಎರಡನೆಯದು ಅಹಿತ.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ದೇಶದ ದೊಡ್ಡ ಒಣಮೆಣಸಿನಕಾಯಿ ಮಾರುಕಟ್ಟೆಗಳಲ್ಲಿ ಒಂದು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಹಂಗಾಮು ಬೇಸಿಗೆಯ ಜೊತೆಗೇ ಬರುವುದರಿಂದ ಚೀಲ ತುಂಬಿದ ಗಾಡಿಗಳ ಸಾಲು, ಎರೆಮಣ್ಣಿನ ಧೂಳು, ಬಿಸಿಲು ಮೂರೂ ಒಟ್ಟಿಗೆ ಸೇರುತ್ತವೆ. ರಾಣೆಬೆನ್ನೂರು ಬಿತ್ತನೆ ಬೀಜ ಮತ್ತು ಹತ್ತಿಯ ವ್ಯಾಪಾರಕ್ಕೆ ಹೆಸರಾದ ಊರು. ಜಿಲ್ಲೆಯ ಮುಖ್ಯ ಬೆಳೆಗಳಲ್ಲಿ ಒಂದಾದ ಗೋವಿನಜೋಳವನ್ನು ಸುಗ್ಗಿಯಲ್ಲಿ ರಸ್ತೆಬದಿಯಲ್ಲೇ ಹರವಿ ಒಣಗಿಸುತ್ತಾರೆ. ಅದರ ಹೊಟ್ಟು, ಧೂಳು ಓಡುವ ಗಾಡಿಗಳ ಗಾಳಿ ಫಿಲ್ಟರಿಗೆ ಸೇರುತ್ತವೆ.

ಇಷ್ಟು ಧೂಳು ಎಂಜಿನ್ನಿಗೆ ಏನು ಮಾಡುತ್ತದೆ ಎಂಬುದಕ್ಕೆ ಒಂದು ಲೆಕ್ಕ ಸಾಕು. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆದುಕೊಳ್ಳುತ್ತದೆ. 2,000 ಆರ್‌ಪಿಎಂನಲ್ಲಿ ಟರ್ಬೊ ಇಲ್ಲದೆಯೇ ಅದು ನಿಮಿಷಕ್ಕೆ ಸುಮಾರು 1,250 ಲೀಟರ್ ಆಗುತ್ತದೆ. ಟರ್ಬೊ ಪೂರ್ಣವಾಗಿ ಒತ್ತುವಾಗ ಹೊರಗಿನ ಗಾಳಿಯ ಲೆಕ್ಕದಲ್ಲಿ 2,000 ಲೀಟರನ್ನು ಮುಟ್ಟಬಹುದು. ಇಷ್ಟೂ ಗಾಳಿ ಒಂದೇ ಕಾಗದದ ಫಿಲ್ಟರಿನ ಮೂಲಕ ಹಾಯಬೇಕು.

ಸಾಮಾನ್ಯ ದೋಷಗಳು

ಪಿಕಪ್ ಇಲ್ಲದಿರುವುದು. ಗ್ಯಾರೇಜಿಗೆ ಬರುವ ಅತಿ ಸಾಮಾನ್ಯ ದೂರು ಇದು. ‘ಪಿಕಪ್ ಬರವಲ್ದು’ ಎಂದೊಡನೆ ಟರ್ಬೊ ಕೆಟ್ಟಿದೆ ಎಂದು ತೀರ್ಮಾನಿಸುವುದುಂಟು. ಆದರೆ ಅಗ್ಗದ ಕಾರಣಗಳನ್ನು ಮೊದಲು ನೋಡಬೇಕು. ಗಾಳಿ ಫಿಲ್ಟರ್ ಕಟ್ಟಿರಬಹುದು. ಟರ್ಬೊದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸ್ ಸೀಳಿರಬಹುದು ಅಥವಾ ಕ್ಲಿಪ್ ಸಡಿಲಾಗಿರಬಹುದು. ಹೋಸ್ ಸೀಳಿದರೆ ಆಕ್ಸಿಲರೇಟರ್ ಒತ್ತಿದಾಗ ‘ಸುಯ್’ ಸದ್ದು, ಹಿಂದೆ ಕಪ್ಪು ಹೊಗೆ ಕಾಣುತ್ತದೆ. ಗಾಳಿ ಅಳೆಯುವ ಸೆನ್ಸಾರ್ ಮೇಲೆ ಧೂಳು ಕೂತರೂ, ವೇಸ್ಟ್‌ಗೇಟ್ ನಡೆಸುವ ಸಣ್ಣ ಕೊಳವೆ ಒಡೆದರೂ ಇದೇ ಲಕ್ಷಣ. ಅಳತೆ ತಪ್ಪಿದೆಯೆಂದು ಕಂಪ್ಯೂಟರಿಗೆ ಅನ್ನಿಸಿದಾಗ ಎಂಜಿನ್ ಲೈಟ್ ಹೊತ್ತಿಸಿ, ಶಕ್ತಿ ಕಡಿತ ಮಾಡಿ, ಗಾಡಿ ಮನೆ ಮುಟ್ಟುವಷ್ಟು ಮಾತ್ರ ಬಿಡುತ್ತದೆ. ಸ್ಕ್ಯಾನರ್ ಹಾಕಿ ಕೋಡ್ ಓದದೆ ಬಿಡಿಭಾಗ ಬದಲಿಸುವುದು ಹಣ ಕಳೆಯುವ ದಾರಿ.

ಟರ್ಬೊ ಸವೆತ. ಟರ್ಬೊ ಸಾಮಾನ್ಯವಾಗಿ ಇನ್ನೊಂದರ ತಪ್ಪಿನಿಂದ ಕೆಡುತ್ತದೆ. ಆಯಿಲ್ ಕಡಿಮೆಯಾದರೆ, ಹಳೆಯ ಆಯಿಲ್ ಕೆಸರಿನಂತಾಗಿ ಸಣ್ಣ ಕೊಳವೆ ಕಟ್ಟಿದರೆ ದಂಡ ಉಜ್ಜಿಹೋಗುತ್ತದೆ. ಹೆದ್ದಾರಿಯಲ್ಲಿ ರಭಸದಿಂದ ಬಂದು ಢಾಬಾದ ಮುಂದೆ ತಕ್ಷಣ ಎಂಜಿನ್ ಆರಿಸಿದರೆ ಆಯಿಲ್ ಹರಿವು ನಿಂತು, ಕಾದ ಬುಷ್‌ಗಳೊಳಗೆ ಉಳಿದ ಆಯಿಲ್ ಸುಟ್ಟು ಕರಕಲಾಗುತ್ತದೆ. ಹರಿದ ಫಿಲ್ಟರಿನಿಂದ ನುಸುಳಿದ ಧೂಳು ಗಾಳಿಯ ಕಡೆಯ ಚಕ್ರದ ರೆಕ್ಕೆಗಳ ಅಂಚು ತಿನ್ನುತ್ತದೆ. ಸೈರನ್‌ನಂಥ ಸದ್ದು, ನೀಲಿ ಹೊಗೆ, ಇಂಟರ್‌ಕೂಲರ್ ಹೋಸಿನಲ್ಲಿ ಸಾಕಷ್ಟು ಆಯಿಲ್ ಇದರ ಗುರುತುಗಳು. ಹೋಸಿನಲ್ಲಿ ತೆಳುವಾದ ಜಿಡ್ಡು ಮಾತ್ರ ಕಂಡರೆ ಗಾಬರಿಯಾಗಬೇಕಿಲ್ಲ. ಎಂಜಿನ್ನಿನ ಉಸಿರಾಟದ ಕೊಳವೆಯಿಂದ ಅಷ್ಟು ಆಯಿಲ್ ಆವಿ ಬರುವುದು ಸಹಜ. ಕಾರಣ ಸರಿಪಡಿಸದೆ ಹೊಸ ಟರ್ಬೊ ಹಾಕಿದರೆ ಅದೂ ಬೇಗನೆ ಹೋಗುತ್ತದೆ. ಆಯಿಲ್ ಕೊಳವೆ ಬದಲಿಸಿ, ಇಂಟರ್‌ಕೂಲರ್ ತೊಳೆದು, ಮೊದಲ ಸ್ಟಾರ್ಟಿಗೆ ಮುಂಚೆ ಟರ್ಬೊದೊಳಗೆ ಆಯಿಲ್ ತುಂಬಿಸಬೇಕು.

ಟರ್ಬೊ ಸೀಲ್ ಪೂರ್ತಿ ಹರಿದರೆ ಅಪಾಯದ ಸ್ಥಿತಿಯೊಂದು ಎದುರಾಗಬಹುದು. ಎಂಜಿನ್ ತನ್ನ ಆಯಿಲನ್ನೇ ಇಂಧನವಾಗಿ ಉರಿಸಿ, ಕೀಲಿ ತಿರುಗಿಸಿದರೂ ನಿಲ್ಲದೆ ವೇಗ ಏರಿಸುತ್ತ ಹೋಗುತ್ತದೆ. ಗಾಡಿ ನಿಂತಿದ್ದರೆ ಬ್ರೇಕ್ ಬಲವಾಗಿ ಒತ್ತಿ, ಮೇಲಿನ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಎಂಜಿನ್ ಕಟ್ಟಿಹಾಕುವುದೇ ಇದಕ್ಕೆ ಪರಿಹಾರ. ಬಾನೆಟ್ ತೆರೆದು ಮುಂದೆ ನಿಲ್ಲಬಾರದು.

ಟೈಮಿಂಗ್ ಚೈನ್. ಬೆಲ್ಟಿನಂತೆ ನಿಗದಿತ ಅವಧಿಗೆ ಬದಲಿಸಬೇಕಿಲ್ಲ ಎಂಬ ಲೆಕ್ಕದಲ್ಲಿ ಚೈನ್ ರೂಪಿಸಲಾಗಿದೆ. ಆದರೆ ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ನಡೆಯುವುದು ಆಯಿಲ್ ಒತ್ತಡದಿಂದ. ಮೂರು ಲೀಟರಿನಲ್ಲಿ ಒಂದು ಲೀಟರ್ ಕಡಿಮೆ ಇಟ್ಟುಕೊಂಡು, ಆಯಿಲ್ ಬದಲಿಸುವುದನ್ನು ಮುಂದೂಡುತ್ತ ಓಡಿಸಿದರೆ ಟೆನ್ಷನರ್ ಸಡಿಲಾಗಿ ಚೈನ್ ಉದ್ದವಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ನಿನ ಪಕ್ಕದಿಂದ ಬರುವ ಕ್ಷಣಿಕ ಗಲಗಲ ಸದ್ದು ಮೊದಲ ಎಚ್ಚರಿಕೆ. ಅದು ನಿಲ್ಲದೆ ಮುಂದುವರಿದರೆ ಚೈನ್, ಟೆನ್ಷನರ್, ಗೈಡ್‌ಗಳನ್ನು ಒಟ್ಟಿಗೆ ಬದಲಿಸಬೇಕು. ಚೈನ್ ಹಲ್ಲು ಜಾರಿದರೆ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ. ವಾಲ್ವುಗಳನ್ನು ಒತ್ತುವ ರಾಕರ್‌ಗಳು ಮುರಿದು ಅಲ್ಲಿಗೇ ನಿಂತರೆ ಅದೃಷ್ಟ. ಇಲ್ಲದಿದ್ದರೆ ಹೆಡ್ ಕೆಲಸ, ಕೆಲವೊಮ್ಮೆ ಇಡೀ ಎಂಜಿನ್ ಕೆಲಸ.

ಇಂಜೆಕ್ಟರ್ ಮತ್ತು ಡೀಸೆಲ್. ಜನರ ಬಾಯಲ್ಲಿ ಇದು ನಾಝಲ್. ಇಂಜೆಕ್ಟರಿನ ಒಳಭಾಗಗಳ ಅಂತರ ಮೈಕ್ರಾನ್‌ಗಳ ಲೆಕ್ಕದ್ದು. ಡೀಸೆಲಿನಲ್ಲಿ ನೀರು ಅಥವಾ ಕಸ ಬಂದರೆ ಮೊದಲ ಬಲಿ ಅದು, ಎರಡನೆಯದು ಅಧಿಕ ಒತ್ತಡದ ಪಂಪ್. ಹೊಲದ ಮನೆಯಲ್ಲಿ ಟ್ರ್ಯಾಕ್ಟರಿಗೆಂದು ಕ್ಯಾನಿನಲ್ಲಿ ಇಟ್ಟ ಡೀಸೆಲನ್ನು ಅವಸರಕ್ಕೆ ಕಾರಿಗೆ ಸುರಿಯುವುದು ಈ ಕಾರಣಕ್ಕೆ ದುಬಾರಿ ಅಭ್ಯಾಸ. ಇಂಜೆಕ್ಟರ್ ಬುಡದ ತಾಮ್ರದ ವಾಷರ್ ಸೋರಿದರೆ ‘ಚುಕ್ ಚುಕ್’ ಸದ್ದಿನೊಡನೆ ದಹನದ ಅನಿಲ ಹೊರಬಂದು ಸುತ್ತ ಟಾರಿನಂಥ ಮಸಿ ಗಟ್ಟಿಯಾಗುತ್ತದೆ. ಬೇಗ ಗಮನಿಸಿದರೆ ವಾಷರ್ ಬದಲಿಗೆ ಮುಗಿಯುವ ಕೆಲಸ ಇದು. ತಡವಾದರೆ ಇಂಜೆಕ್ಟರ್ ಹೆಡ್ಡಿಗೆ ಅಂಟಿಕೊಂಡು ಎಳೆದರೂ ಬರುವುದಿಲ್ಲ. ಪ್ರತಿ ಇಂಜೆಕ್ಟರಿನ ಮೇಲಿರುವ ಕೋಡನ್ನು ಬದಲಾವಣೆಯ ನಂತರ ಕಂಪ್ಯೂಟರಿಗೆ ಉಣಿಸದಿದ್ದರೆ ಐಡ್ಲಿಂಗ್ ನಡುಗುತ್ತದೆ.

ಇಜಿಆರ್ ವಾಲ್ವ್. ನೈಟ್ರೋಜನ್ ಆಕ್ಸೈಡ್ ತಗ್ಗಿಸಲು ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವಾಲ್ವ್ ಇದು. ಹೊಗೆಯ ಮಸಿ ಮತ್ತು ಆಯಿಲ್ ಆವಿ ಕೂಡಿ ಇದರಲ್ಲಿ ದಪ್ಪ ಪದರ ಕಟ್ಟುತ್ತದೆ. ಸದಾ ಪೇಟೆಯಲ್ಲೇ ಓಡುವ ಗಾಡಿಗೆ ಇದು ಬೇಗ ಬರುತ್ತದೆ. ಬಿಚ್ಚಿ ತೊಳೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಮುಚ್ಚಿಹಾಕುವ ಪದ್ಧತಿಯೂ ಇದೆ. ಆದರೆ ಅದು ಹೊಗೆ ನಿಯಮಕ್ಕೆ ವಿರುದ್ಧ.

ಕೂಲಿಂಗ್. ಥರ್ಮೋಸ್ಟಾಟ್ ಗೂಡು, ವಾಟರ್ ಪಂಪ್, ಆಯಿಲ್ ಕೂಲರ್ ಸೋರುವುದು ವಯಸ್ಸಾದ ಎಂಜಿನ್ನುಗಳಲ್ಲಿ ಸಾಮಾನ್ಯ. ಕೂಲಂಟ್ ಕಡಿಮೆಯಾದಾಗ ಬೋರ್‌ವೆಲ್ ನೀರು ಸುರಿದರೆ ಅದರ ಗಡಸುತನದಿಂದ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಸುಣ್ಣದ ಪದರ ಕೂರುತ್ತದೆ. ಆಮೇಲೆ ಬೇಸಿಗೆಯಲ್ಲಿ ಎ.ಸಿ. ಹಾಕಿ ತುಂಬಿದ ಗಾಡಿ ಓಡಿಸಿದಾಗ ಹೀಟ್ ಆಗಿ ಹೆಡ್ ಗ್ಯಾಸ್ಕೆಟ್ ಹೋಗುವುದು ಅದರ ಫಲ. ಕೂಲಂಟ್ ಡಬ್ಬಿಯಲ್ಲಿ ಕಂದು ಜಿಡ್ಡು ಕಂಡರೆ ಆಯಿಲ್ ಕೂಲರನ್ನೂ ಗ್ಯಾಸ್ಕೆಟನ್ನೂ ಪರೀಕ್ಷಿಸಬೇಕು.

ಕ್ಲಚ್. 2,000 ಆರ್‌ಪಿಎಂ ಕೆಳಗಿನ ಬಲಹೀನತೆಯನ್ನು ಮರೆಸಲು ಚಾಲಕರು ಅರ್ಧ ಕ್ಲಚ್ ಒತ್ತಿ ಎಂಜಿನ್ ವೇಗ ಏರಿಸುತ್ತಾರೆ. ಮದುವೆಗೆ ಏಳೆಂಟು ಜನ ತುಂಬಿಕೊಂಡು ಹೊರಟ ಡಿಜೈರ್‌ನಲ್ಲಿ ಇದು ಇನ್ನೂ ಹೆಚ್ಚು. ಕ್ಲಚ್ ಪ್ಲೇಟ್ ಸವೆಯುವುದಕ್ಕೆ ಟರ್ಬೊದ ಸ್ವಭಾವವೂ ಹೀಗೆ ಪರೋಕ್ಷ ಕಾರಣ. ಕಂಪ್ಯೂಟರಿನ ಲೆಕ್ಕ ಬದಲಿಸಿ (ರೀಮ್ಯಾಪ್) ಟಾರ್ಕ್ ಹೆಚ್ಚಿಸಿದ ಗಾಡಿಗಳಲ್ಲಿ ಮೊದಲು ಸೋಲುವುದೂ ಕ್ಲಚ್.

ನೀರು ಮತ್ತು ಬೆಂಕಿ. ವರದಾ, ತುಂಗಭದ್ರಾ, ಕುಮುದ್ವತಿ ಹರಿಯುವ ಜಿಲ್ಲೆಯಲ್ಲಿ ಮಳೆಗಾಲಕ್ಕೆ ಸೇತುವೆ, ಹಳ್ಳಗಳು ಮುಳುಗುವುದುಂಟು. 2019ರ ಆಗಸ್ಟ್‌ನ ನೆರೆ ಒಂದು ದೊಡ್ಡ ಉದಾಹರಣೆ. ಗಾಳಿಯ ಕೊಳವೆಯ ಮೂಲಕ ನೀರು ಸಿಲಿಂಡರಿಗೆ ಹೋದರೆ ಗಾಳಿಯಂತೆ ಅದು ಕುಗ್ಗುವುದಿಲ್ಲ. ಪಿಸ್ಟನ್ ಮೇಲೆ ಉಳಿಯುವ ಜಾಗ ಕೇವಲ 18 ಸಿ.ಸಿ. ಆದ್ದರಿಂದ ನಾಲ್ಕಾರು ಚಮಚ ನೀರೇ ಕನೆಕ್ಟಿಂಗ್ ರಾಡ್ ಬಗ್ಗಿಸಲು ಸಾಕು. ನೀರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಲು ಯತ್ನಿಸದೆ ಎಳೆಸಿಕೊಂಡು ಹೋಗಬೇಕು. ಇನ್ನೊಂದು ಅಪಾಯ ಸುಗ್ಗಿಯದು. ಒಕ್ಕಲಿಗೆಂದು ರಸ್ತೆಗೆ ಹಾಸಿದ ಹುರುಳಿ ಮುಂತಾದ ಪೈರಿನ ಬಳ್ಳಿ ಗಾಡಿಯ ಅಡಿಗೆ ಸುತ್ತಿಕೊಂಡು, ಕಾದ ಸೈಲೆನ್ಸರ್ ಕೊಳವೆಗೆ ತಾಗಿ ಹೊತ್ತಿಕೊಂಡ ಪ್ರಕರಣಗಳು ಕರ್ನಾಟಕದ ಹಲವೆಡೆ ವರದಿಯಾಗಿವೆ.

ಪೋಷಣೆ

ಮಾರುತಿ ಗಾಡಿಗಳಿಗೆ 10,000 ಕಿ.ಮೀ. ಅಥವಾ ಒಂದು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದು ರೂಢಿ. ಧೂಳು, ಭಾರ, ನಿಂತು ನಿಂತು ಓಡುವ ಬಳಕೆಯಿದ್ದರೆ ಈ ಅವಧಿಯನ್ನು ಕಡಿಮೆ ಮಾಡಿಕೊಳ್ಳಬೇಕು. ಕೈಪಿಡಿಗಳು ಇದನ್ನು ಕಠಿಣ ಬಳಕೆಯೆಂದು ಬೇರೆಯಾಗಿಯೇ ಹೆಸರಿಸುತ್ತವೆ. ಕೈಪಿಡಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಬೇಕು. ಟ್ರ್ಯಾಕ್ಟರಿಗೆ ತಂದ ದಪ್ಪ ಆಯಿಲ್ ಇದರ ಟೆನ್ಷನರಿಗೂ ಟರ್ಬೊಗೂ ತಕ್ಕುದಲ್ಲ. ಎರಡು ಸರ್ವಿಸ್‌ಗಳ ನಡುವೆ ಡಿಪ್‌ಸ್ಟಿಕ್ ನೋಡುವ ಅಭ್ಯಾಸ ಉಳಿದೆಲ್ಲಕ್ಕಿಂತ ಮುಖ್ಯ. ಆಯಿಲ್ ಒತ್ತಡದ ಕೆಂಪು ಲೈಟ್ ಹೊತ್ತುವ ಹೊತ್ತಿಗೆ ಹಾನಿ ಆಗಿರಬಹುದು.

ಗಾಳಿ ಫಿಲ್ಟರನ್ನು ಕಂಪ್ರೆಸರ್ ಗಾಳಿಯಿಂದ ಊದಿ ಮತ್ತೆ ಮತ್ತೆ ಬಳಸಿದರೆ ಕಾಗದದಲ್ಲಿ ಕಾಣದ ರಂಧ್ರ ಬೀಳುತ್ತದೆ, ಬದಲಿಸುವುದೇ ಕ್ಷೇಮ. ಡೀಸೆಲ್ ಫಿಲ್ಟರಿನ ತಳದ ನೀರನ್ನು ಕಾಲಕಾಲಕ್ಕೆ ಬಸಿಯಬೇಕು. ಸ್ಟಾರ್ಟ್ ಆದೊಡನೆ ಆಕ್ಸಿಲರೇಟರ್ ತುಳಿಯದೆ ಆಯಿಲ್ ಮೇಲೇರಲು ಕ್ಷಣಕಾಲ ಬಿಡಬೇಕು. ಹೆದ್ದಾರಿಯ ಓಟದ ನಂತರ ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿಟ್ಟು ಆರಿಸಬೇಕು. ವಾರಕ್ಕೊಮ್ಮೆಯಾದರೂ ಗಾಡಿಯನ್ನು ಪೂರ್ಣ ಬಿಸಿಯಾಗುವಷ್ಟು ದೂರ ಓಡಿಸಿದರೆ ಮಸಿ ಕಟ್ಟುವುದು ತಗ್ಗುತ್ತದೆ.

ಹಳೆಯ ಗಾಡಿ ಕೊಳ್ಳುವಾಗ

ಇನ್ನು ಮುಂದೆ ಈ ಎಂಜಿನ್ ಸಿಗುವುದು ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಮಾತ್ರ. ದೆಹಲಿ ಪ್ರದೇಶದಲ್ಲಿ ಹಳೆಯ ಡೀಸೆಲ್ ಕಾರುಗಳ ಮೇಲೆ 10 ವರ್ಷದ ಮಿತಿ ಬಂದ ಮೇಲೆ ಅಲ್ಲಿನ ಗಾಡಿಗಳು ಬೇರೆ ರಾಜ್ಯಗಳಿಗೆ ಹರಿದವು. ಓಡೋಮೀಟರ್ ನಂಬದೆ ಸರ್ವಿಸ್ ದಾಖಲೆ ನೋಡಬೇಕು. ಹಳದಿ ಫಲಕದಿಂದ ಬಿಳಿ ಫಲಕಕ್ಕೆ ಬದಲಾದ ಟ್ಯಾಕ್ಸಿಯಾದರೆ ಓಟ ಹೆಚ್ಚಾಗಿರುವ ಸಂಭವವಿದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ಚೈನ್ ಸದ್ದು ಆಲಿಸಬೇಕು. ಬಿಸಿ ಎಂಜಿನ್ ಚೈನಿನ ದೋಷವನ್ನು ಮುಚ್ಚಿಡುತ್ತದೆ. ಆಯಿಲ್ ಮುಚ್ಚಳ ತೆರೆದಾಗ ರಭಸದಿಂದ ಹೊಗೆ ಉಗುಳಿದರೆ ಪಿಸ್ಟನ್ ರಿಂಗುಗಳು ಸವೆದಿವೆ ಎಂದರ್ಥ. ಮೂರನೇ ಗೇರಿನಲ್ಲಿ 1,500ರಿಂದ 3,000 ಆರ್‌ಪಿಎಂಗೆ ಏರಿಸುತ್ತ ಹೋದರೆ ಟರ್ಬೊ, ಹೋಸ್, ಕ್ಲಚ್ ಮೂರರ ಸ್ಥಿತಿಯೂ ಒಂದೇ ಪರೀಕ್ಷೆಯಲ್ಲಿ ತಿಳಿಯುತ್ತದೆ. ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಕ್ಕೆ. ನಂತರ ಫಿಟ್‌ನೆಸ್ ಪರೀಕ್ಷೆ ಮಾಡಿಸಿ ನವೀಕರಿಸಬೇಕು. ಮೊದಲ ಸ್ವಿಫ್ಟ್ ಡೀಸೆಲ್‌ಗಳಿಗೆ ಆ ಗಡುವು 2022ರಲ್ಲೇ ಬಂದುಹೋಗಿದೆ.

ನಿರ್ಗಮನ ಮತ್ತು ನಂತರದ ಎಂಜಿನ್ನುಗಳು

ಭಾರತ್ ಸ್ಟೇಜ್ 4 ನಿಯಮ 2017ರ ಏಪ್ರಿಲ್ 1ರಿಂದ ಇಡೀ ದೇಶಕ್ಕೆ ಅನ್ವಯವಾಯಿತು. ಅದನ್ನು ಈ ಎಂಜಿನ್ ದಾಟಿತು. 2020ರ ಏಪ್ರಿಲ್ 1ರಿಂದ ಬಂದ ಭಾರತ್ ಸ್ಟೇಜ್ 6ಕ್ಕೆ ಹೊಂದಿಸುವ ಖರ್ಚು ಸಣ್ಣ ಕಾರಿನ ಬೆಲೆಗೆ ಭಾರವಾಯಿತು. ಡೀಸೆಲ್‌ನಲ್ಲಿನ ಗಂಧಕದ ಮಿತಿಯನ್ನು 50ರಿಂದ 10 ಪಿಪಿಎಂಗೆ ಇಳಿಸಿದ ಈ ನಿಯಮ, ಮಸಿ ಹಿಡಿಯುವ ಫಿಲ್ಟರ್ ಮುಂತಾದ ದುಬಾರಿ ಸಾಧನಗಳನ್ನೂ ಅನಿವಾರ್ಯಗೊಳಿಸಿತು. ಡೀಸೆಲ್ ದರದ ಅನುಕೂಲವೂ ಅಷ್ಟರಲ್ಲಿ ಕರಗಿತ್ತು. ಮಾರುತಿ ಡೀಸೆಲ್ ಬಿಟ್ಟಿತು. ಫಿಯಟ್ ಕಾರುಗಳು ಆ ವೇಳೆಗಾಗಲೇ ಮಾರುಕಟ್ಟೆಯಿಂದ ಹೊರಟಿದ್ದವು.

ಡೀಸೆಲ್‌ನಲ್ಲಿ ಉಳಿದವರ ಪೈಕಿ ಹಳ್ಳಿಗಳಲ್ಲಿ ಹೆಚ್ಚು ಕಾಣುವುದು ಮಹೀಂದ್ರಾ ಬೊಲೆರೊ. ಅದರ 1,493 ಸಿ.ಸಿ.ಯ ಮೂರು ಸಿಲಿಂಡರ್ ಟರ್ಬೊ ಎಂಜಿನ್ 76 ಪಿಎಸ್, 210 ನ್ಯೂಟನ್ ಮೀಟರ್ ಕೊಡುತ್ತದೆ. ಸಣ್ಣ ಕಾರುಗಳಲ್ಲಿ ಟರ್ಬೊ ಈಗ ಪೆಟ್ರೋಲ್ ಕಡೆಗೆ ಸರಿದಿದೆ: 2019ರಿಂದ ಹ್ಯುಂಡೈ ವೆನ್ಯೂ ಕಾರಿನಲ್ಲಿ 998 ಸಿ.ಸಿ.ಯ 120 ಪಿಎಸ್ ಎಂಜಿನ್, ಟಾಟಾ ನೆಕ್ಸಾನ್‌ನಲ್ಲಿ 1.2 ಲೀಟರಿನದು, 2023ರಿಂದ ಮಾರುತಿ ಫ್ರಾಂಕ್ಸ್‌ನಲ್ಲಿ 998 ಸಿ.ಸಿ.ಯ 100 ಪಿಎಸ್ ಎಂಜಿನ್. ಇವುಗಳ ಸಾಮರ್ಥ್ಯ ಗಾತ್ರಕ್ಕೆ ಹೋಲಿಸಿದರೆ ಮಲ್ಟಿಜೆಟ್‌ಗಿಂತ ಹೆಚ್ಚು. ಆದ್ದರಿಂದ ಆಯಿಲ್, ಗಾಳಿ, ಶಾಖದ ವಿಷಯದಲ್ಲಿ ಇವು ಬೇಡುವ ಎಚ್ಚರವೂ ಹೆಚ್ಚು. ಮಲ್ಟಿಜೆಟ್‌ನಲ್ಲಿ ಕೈ ಪಳಗಿದ ಮೆಕ್ಯಾನಿಕ್‌ಗಳು ಹೋಸ್ ಸೋರಿಕೆ, ಟರ್ಬೊ ಸವೆತ, ಚೈನ್ ಸದ್ದು, ಸೆನ್ಸಾರ್ ಕೋಡ್‌ಗಳ ಬಗ್ಗೆ ಕಲಿತದ್ದು ಈ ಹೊಸ ಎಂಜಿನ್ನುಗಳಿಗೂ ಬಹುಪಾಲು ಅನ್ವಯಿಸುತ್ತದೆ.